ಹರಕೆಯ ಗಡ್ಡ ಹುಡುಕಿದ ಪತ್ತೇದಾರ

ಚಿಂತಾಮಣಿಯಲ್ಲಿ ಬಸ್ಸು ಬದಲಿಸಿ ಕೂತಿದ್ದೆ. ಮುಂದಿನ ಸೀಟಿನಲ್ಲಿ ಆಗಷ್ಟೇ ತಿರುಪತಿಯಿಂದ ಬಂದ ಬೋಳು ತಲೆಯೊಂದು ಗಂಧ ಬಳಿದುಕೊಂಡು ತೂಕಡಿಸುತ್ತಿತ್ತು. ಗಂಧದ ವಾಸನೆ ಬೇರೆಯವರಿಗೆ ಭಕ್ತಿ ತರುತ್ತದೆ, ನನಗೆ ನಾಚಿಕೆ ತರುತ್ತದೆ. ಎದ್ದು, ಮುಂದಕ್ಕೆ ಬಾಗಿ, ಆ ತಲೆಯ ಮುಖ ಯಾರದೆಂದು ನೋಡಿಯೇಬಿಟ್ಟೆ. ಗುರುತಿನವರಲ್ಲ. ಪಕ್ಕದಲ್ಲಿ ಕೂತವರು ನನ್ನನ್ನು ಒಂದು ಥರ ನೋಡಿದರು. ನೀವೂ ಹಾಗೆ ನೋಡುವ ಮೊದಲು ಕಾರಣ ಹೇಳಿಬಿಡುತ್ತೇನೆ.

ನಾನು ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕೆಲವು ವರ್ಷಗಳ ಹಿಂದೆ ಒಂದು ಸಿನಿಮಾದಲ್ಲಿ ಪತ್ತೇದಾರನೂ ಆಗಿದ್ದೆ. ಅದನ್ನು ತೆಗೆದವನು ನನ್ನ ಚಿಕ್ಕಮ್ಮನ ಮಗ ನರೇಶ. ಚಿಕ್ಕಬಳ್ಳಾಪುರದಲ್ಲಿ ಮದುವೆ ವಿಡಿಯೋ ತೆಗೆಯುವುದು ಅವನ ಕಸುಬು. ಗಂಡು ಹೆಣ್ಣು ತಾನು ಹೇಳಿದಾಗಲೆಲ್ಲ ನಗುವುದನ್ನು ನೋಡಿ ನೋಡಿ, ಇಡೀ ಜಿಲ್ಲೆಯನ್ನೇ ನಗಿಸಬಲ್ಲೆ ಎಂಬ ಧೈರ್ಯ ಅವನಿಗೆ ಬಂದಿತ್ತು. ಕಥೆ ಇಷ್ಟೇ: ದ್ವೀಪದಲ್ಲೊಬ್ಬ ಮನುಷ್ಯ. ಪತ್ತೇದಾರ ಹುಡುಕಿಕೊಂಡು ಹೋದಾಗಲೆಲ್ಲ ಬೆನ್ನು ತೋರಿಸಿ ಮಾಯವಾಗುತ್ತಾನೆ. ಕೊನೆಗೆ ಸಿಕ್ಕಾಗ, ಗಡ್ಡ ಅಂಟಿಸಿದ್ದೆಂದು ತಿಳಿದು ಪತ್ತೇದಾರ ಎಳೆಯುತ್ತಾನೆ. ಗಡ್ಡ ಬರುವುದಿಲ್ಲ, ಪತ್ತೇದಾರನೇ ನೀರಿಗೆ ಬೀಳುತ್ತಾನೆ.

‘ದ್ವೀಪ ಎಲ್ಲಿಂದ ತರ್ತೀಯೋ?’ ಎಂದೆ. ನಮ್ಮ ಜಿಲ್ಲೆಗೆ ಸಮುದ್ರವಿಲ್ಲ. ನದಿಗಳೇನೋ ಹುಟ್ಟುತ್ತವೆ, ಹುಟ್ಟಿದ ಕೂಡಲೇ ಊರು ಬಿಟ್ಟು ಹೋಗುತ್ತವೆ. ಆದರೆ ಆ ವರ್ಷ ಒಳ್ಳೆಯ ಮಳೆಯಾಗಿ, ಸಾದಲಿ ಕಡೆಯ ಕೆರೆಯೊಂದರ ನಡುವಿದ್ದ ಜಾಲಿ ದಿಬ್ಬದ ಸುತ್ತ ನೀರು ನಿಂತಿತ್ತು. ನರೇಶ ಅದನ್ನು ತೋರಿಸಿ, ‘ಅಂಡಮಾನ್ ಯಾಕಣ್ಣ ಬೇಕು?’ ಎಂದ.

ದ್ವೀಪವಾಸಿಯೂ ಅದೇ ಊರಿನಲ್ಲಿ ಸಿಕ್ಕಿದರು. ಹೆಸರು ದ್ಯಾವಪ್ಪ, ರೇಷ್ಮೆ ಹುಳು ಸಾಕುವವರು. ಎದೆಯವರೆಗೆ ಗಡ್ಡ, ಹೆಗಲವರೆಗೆ ಕೂದಲು. ಅದು ಷೋಕಿಗೆ ಬಿಟ್ಟದ್ದಲ್ಲ. ಹೆಂಡತಿ ನಾರಾಯಣಮ್ಮನಿಗೆ ಎದೆಯ ಆಪರೇಷನ್ ಆಗಿತ್ತು, ಮನೆಯೊಳಗೇ ಇರುತ್ತಿದ್ದ ಆಕೆಯನ್ನು ನಾವು ಯಾರೂ ನೋಡಿರಲಿಲ್ಲ. ಆಕೆ ತನ್ನ ಕಾಲಮೇಲೆ ತಿರುಪತಿ ಬೆಟ್ಟ ಹತ್ತುವಂತಾದರೆ ಮುಡಿ ಕೊಡುತ್ತೇನೆ ಎಂದು ಹರಕೆ ಹೊತ್ತಿದ್ದರು. ‘ಅಷ್ಟೊತ್ತಿಗೆ ಶೂಟಿಂಗ್ ಮುಗ್ಸಿಬಿಡ್ತೀವಿ ಬಿಡಣ್ಣ’ ಎಂದ ನರೇಶ. ‘ಆಯ್ತಪ್ಪ, ನಿನ್ ಸಿನಿಮಾ ಮುಗ್ಯೋಗಂಟ ಗಡ್ಡ ತೆಗ್ಯಲ್ಲ’ ಎಂದು ಅವರೂ ಮಾತು ಕೊಟ್ಟರು. ಗಡ್ಡ ಒಂದೇ, ದೇವರಿಗೊಂದು ಮಾತು, ಸಿನಿಮಾಕ್ಕೊಂದು ಮಾತು. ಗಣಿತದ ಮೇಷ್ಟ್ರಾದ ನನಗೆ ಆಗಲೇ ಲೆಕ್ಕ ಕೂಡುವುದಿಲ್ಲ ಅನ್ನಿಸಬೇಕಿತ್ತು. ನಾನು ಕೋಟಿನ ಅಳತೆ ಕೊಡುವುದರಲ್ಲಿ ಮುಳುಗಿದ್ದೆ.

ಕೋಟಿನ ವಿಷಯ ಕೇಳಿ. ಪತ್ತೇದಾರರು ಉದ್ದ ಕೋಟು ಹಾಕುತ್ತಾರೆ ಎಂಬುದು ನರೇಶನ ನಂಬಿಕೆ. ನಮ್ಮ ಕಡೆಯ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ನಿಂತರೆ, ಗುಟ್ಟು ಹೊರಗೆ ಬರುವ ಮೊದಲು ಬೆವರು ಬರುತ್ತಿತ್ತು. ಒಂದು ದಿನ ಮಧ್ಯಾಹ್ನ ಊಟಕ್ಕೆಂದು ಪಕ್ಕದ ಮದುವೆ ಮನೆಗೆ ಹೋದೆವು. ಯಜಮಾನರು ನನ್ನನ್ನು ನೋಡಿ, ‘ಬ್ಯಾಂಡ್‌ಸೆಟ್ಟಿನೋರ್ಗೆ ಎರಡ್ನೇ ಪಂಕ್ತೀಲಿ ಇಕ್ರಪ್ಪ’ ಎಂದರು. ನಾನು ವಾದ ಮಾಡದೆ ಕಾದು, ಎರಡನೇ ಪಂಕ್ತಿಯಲ್ಲೇ ಉಂಡೆ.

ಬೆನ್ನಿನ ದೃಶ್ಯಗಳೆಲ್ಲ ಮುಗಿದವು. ಮುಖದ ದೃಶ್ಯಕ್ಕೆ ಬರುವಷ್ಟರಲ್ಲಿ ಬೇಸಿಗೆ ಬಂದು ದ್ವೀಪವೇ ಹೋಯಿತು. ಕುರಿಗಳು ನಡೆದುಕೊಂಡೇ ದಿಬ್ಬಕ್ಕೆ ಹೋಗಿ ಮೇಯತೊಡಗಿದವು. ಮುಂದಿನ ಮಳೆಗೆ ಕಾದೆವು. ಮಳೆ ಬಂತು, ಕೆರೆ ತುಂಬಲಿಲ್ಲ. ಇತ್ತ ನಾರಾಯಣಮ್ಮ ಚೇತರಿಸಿಕೊಂಡು, ‘ನಾನು ಬೆಟ್ಟ ಹತ್ತೋ ಹಂಗಾಗಿದೀನಿ, ನಡೀರಿ ಹೋಗಣ’ ಎಂದು ಶುರು ಮಾಡಿದರಂತೆ. ಅಂಟು ಗಡ್ಡ ತರಿಸೋ ಎಂದು ನಾನೂ ಹೇಳಿದೆ. ‘ಎಳೆದ್ರೆ ಬರ್ಬಾರ್ದು ಅನ್ನೋದೇ ಕಾಮಿಡಿ ಅಣ್ಣ’ ಎಂದು ನರೇಶ ನನ್ನ ಬಾಯಿ ಮುಚ್ಚಿಸಿದ. ದ್ಯಾವಪ್ಪನವರ ಹತ್ತಿರ ಹೋಗಿ, ‘ದೇವ್ರು ಕಾಯ್ತಾನಣ್ಣ, ಡ್ರೋನ್ ಬಾಡಿಗೆಯೋನು ಕಾಯಲ್ಲ’ ಎಂದ.

ನಮ್ಮ ಕಡೆ ಒಂದು ಪದ್ಧತಿ ಇದೆ. ‘ಆಗಲ್ಲ’ ಎಂದು ಯಾರೂ ಮುಖಕ್ಕೆ ಹೇಳುವುದಿಲ್ಲ. ‘ನೋಡಣ’ ಎನ್ನುತ್ತೇವೆ. ಹೆಣ್ಣು ಒಪ್ಪದಿದ್ದರೂ ನೋಡಣ, ಓಟು ಹಾಕದಿದ್ದರೂ ನೋಡಣ. ಕೇಳಿದವನು ಅರ್ಥ ಮಾಡಿಕೊಂಡು ಸುಮ್ಮನಾಗಬೇಕು. ದ್ಯಾವಪ್ಪನವರೂ ‘ನೋಡಣ ಬಿಡಪ್ಪ’ ಎಂದರು. ಇಲ್ಲೇ ಹುಟ್ಟಿ ಬೆಳೆದ ನರೇಶ ಅದನ್ನು ಒಪ್ಪಿಗೆ ಎಂದು ತಿಳಿದ. ನಿರ್ದೇಶಕನಾದ ಮೇಲೆ ಮನುಷ್ಯನಿಗೆ ತಾಯಿನುಡಿ ಮರೆಯುತ್ತದೋ ಏನೋ.

ಒಂದು ಬೆಳಿಗ್ಗೆ ನರೇಶನ ಫೋನು. ‘ಅಣ್ಣ, ದ್ವೀಪವಾಸಿ ಮನೇಲಿಲ್ಲ. ಮೊನ್ನೇನೇ ಚಿಂತಾಮಣಿ ಕಡೆ ಹೋದ್ರಂತೆ. ಹೆಂಗಾದ್ರೂ ಮಾಡಿ ಗಡ್ಡ ಉಳ್ಸು!’ ನಾನು ದ್ಯಾವಪ್ಪನವರ ಫೋಟೋ ಜೇಬಿಗೆ ಹಾಕಿಕೊಂಡು ಹೊರಟೆ. ಕೋಟು ಹಾಕಿಕೊಂಡೇ ಹೊರಟೆ ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನಿಜವಾದ ಪತ್ತೇದಾರಿ ಮಾಡುವ ಅವಕಾಶ ಗಣಿತದ ಮೇಷ್ಟ್ರಿಗೆ ದಿನಾ ಸಿಗುತ್ತದೆಯೇ?

ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಬೋಳು ತಲೆಗಳಿಗೆ ಬರವಿಲ್ಲ, ತಿರುಪತಿ ದಾರಿಯ ಊರು. ಹೋಟೆಲಿನವನು, ಹೂವಿನವಳು, ಕಂಡಕ್ಟರು, ಎಲ್ಲರಿಗೂ ಫೋಟೋ ತೋರಿಸಿದೆ. ಕೊನೆಗೆ ಕಲ್ಲುಬೆಂಚಿನ ಮೇಲೆ ಗಂಧದ ತಲೆಯ ಗಂಡಸೊಬ್ಬರೂ ಅವರ ಹೆಂಡತಿಯೂ ಕೂತಿದ್ದರು. ‘ಇವರನ್ನ ನೋಡಿದೀರಾ?’ ಎಂದೆ. ಆತ ಫೋಟೋವನ್ನು ಬಹಳ ಹೊತ್ತು ನೋಡಿ, ‘ಚೂಡಲೇದು ಸಾಮಿ’, ನೋಡಿಲ್ಲ ಎಂದು ತೆಲುಗಿನಲ್ಲಿ ಹೇಳಿ ತಲೆ ತಗ್ಗಿಸಿದರು.

ಆಕೆ ಕೇಳಿದರು: ‘ಏನಪ್ಪ ತಪ್ಪು ಮಾಡವ್ನೆ ಆವಯ್ಯ?’

‘ತಪ್ಪೇನಿಲ್ಲಮ್ಮ, ಅವರ ಗಡ್ಡ ಬೇಕಾಗಿತ್ತು.’

ಆಕೆ ಎದೆ ಹಿಡಿದುಕೊಂಡು ನಕ್ಕರು. ‘ಬಿಸ್ಲಾಗೆ ಬಂದಿದೀಯ, ತಗೋ ಪ್ರಸಾದ’ ಎಂದು ಲಡ್ಡು ಮುರಿದು ಕೊಟ್ಟರು. ತಿಂದು, ಕೈಮುಗಿದು, ಹುಡುಕಾಟ ಮುಂದುವರಿಸಿದೆ.

ಗಡ್ಡ ಕೈಗೆ ಸಿಗಲಿಲ್ಲ. ನರೇಶ ಬೇಸತ್ತು, ನಾನೊಬ್ಬನೇ ಒಣ ದಿಬ್ಬದ ಮೇಲೆ ನಿಂತು ಸುತ್ತ ನೋಡುವುದನ್ನು ತೆಗೆದು ‘ಶುಭಂ’ ಹಾಕಿಬಿಟ್ಟ. ಶಿಡ್ಲಘಟ್ಟದ ಕಲ್ಯಾಣಮಂಟಪವೊಂದರಲ್ಲಿ ಪರದೆ ಕಟ್ಟಿ ತೋರಿಸಿದೆವು. ಮುಗಿದ ಮೇಲೆ ಗಿಡ್ಡ ಕೂದಲಿನ ಗಂಡಸೊಬ್ಬರು ಹೆಂಡತಿಯ ಜೊತೆ ನನ್ನೆದುರು ಬಂದು ನಿಂತರು. ಆಕೆ, ‘ಲಡ್ಡು ಹೆಂಗಿತ್ತು ಮೇಷ್ಟ್ರೇ?’ ಎಂದರು. ಕಲ್ಲುಬೆಂಚಿನ ಮೇಲಿದ್ದ ಗಂಧದ ತಲೆ ಯಾರದೆಂದು ಆಗ ಗೊತ್ತಾಯಿತು. ದ್ಯಾವಪ್ಪ ಮಾತ್ರ ನಗಲಿಲ್ಲ. ‘ದೇವ್ರ ಮಾತು ಉಳಿಸ್ಕೊಂಡೆ, ನಿಮ್ ಮಾತು ತಪ್ಪಿದೆ ಸಾರ್. ಇನ್ನೊಂದ್ಸಲ ಗಡ್ಡ ಬಿಡ್ತೀನಿ’ ಎಂದರು. ನಾನು ಉಪಚಾರದ ಮಾತೆಂದುಕೊಂಡೆ.

ಇನ್ನು ಸಿನಿಮಾದ ಗತಿ. ಅದು ಬೆಂಗಳೂರಿನ ಯಾವುದೋ ಚಿತ್ರೋತ್ಸವಕ್ಕೆ ಹೋಯಿತು. ಜುಬ್ಬಾ ತೊಟ್ಟ ಒಬ್ಬರು ವೇದಿಕೆ ಹತ್ತಿ, ‘ದ್ವೀಪವಾಸಿ ಸಿಗದಿರುವುದೇ ಈ ಚಿತ್ರದ ದರ್ಶನ, ಆ ಒಣ ಕೆರೆ ನಮ್ಮೆಲ್ಲರ ಆತ್ಮ’ ಎಂದರು. ನಗಿಸಲು ತೆಗೆದ ಸಿನಿಮಾಕ್ಕೆ ಯಾರೂ ನಗಲಿಲ್ಲ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನರೇಶ ಮೈಕ್ ಹಿಡಿದು, ‘ಮೊದಲಿಂದಲೂ ನನ್ನ ಉದ್ದೇಶ ಅದೇ ಆಗಿತ್ತು’ ಎಂದ. ಈಗ ಅವನು ಮದುವೆಗಳಿಗೆ ಹೋಗುವುದಿಲ್ಲ, ಕಾಲೇಜುಗಳಿಗೆ ಹೋಗಿ ಶೂನ್ಯದ ಬಗ್ಗೆ ಮಾತಾಡುತ್ತಾನೆ.

ಮೊನ್ನೆ ದ್ಯಾವಪ್ಪನವರ ಫೋನು ಬಂತು. ‘ಸಾರ್, ಗಡ್ಡ ರೆಡಿ. ಕೆರೇನೂ ತುಂಬೈತೆ. ಯಾವಾಗ ಬರ್ತೀರಾ?’ ನಾನು ಕುಣಿಯುತ್ತ ನರೇಶನಿಗೆ ಹೇಳಿದೆ. ಅವನು ಗಾಬರಿಯಾಗಿ, ‘ಅಣ್ಣ, ದಯವಿಟ್ಟು ಸುಮ್ನಿರು. ಆಯಪ್ಪ ಸಿಕ್ಬಿಟ್ರೆ ನನ್ ಸಿನಿಮಾ ಹಾಳಾಗೋಗುತ್ತೆ’ ಎಂದ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಒಬ್ಬ ಮನುಷ್ಯ ಕೊಟ್ಟ ಮಾತನ್ನು ಮುಖದ ಮೇಲೆ ಬೆಳೆಸಿಕೊಂಡು ಕೂತಿದ್ದಾನೆ, ಪಡೆಯುವವರು ಯಾರೂ ಇಲ್ಲ. ‘ನೋಡಣ’ ಎಂದು ಫೋನಿಟ್ಟೆ. ಅದಕ್ಕೇ ಇವತ್ತಿನ ಈ ಬಸ್ಸು.

ಬಸ್ಸಿಳಿದು, ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ತೆಪ್ಪದಲ್ಲಿ ದಿಬ್ಬಕ್ಕೆ ಹೋದೆ. ನಾರಾಯಣಮ್ಮನ ಕೈಗೆ ನನ್ನ ಮೊಬೈಲು ಕೊಟ್ಟು, ಒತ್ತುವ ಜಾಗ ತೋರಿಸಿದೆ. ದ್ಯಾವಪ್ಪ ಜಾಲಿಯ ಮರೆಯಿಂದ ತಿರುಗಿದರು. ಮೊದಲ ಸಲ ಅವರ ಮುಖ ಕ್ಯಾಮೆರಾದ ಕಡೆಗಿತ್ತು. ನಾನು ಗಡ್ಡಕ್ಕೆ ಕೈ ಹಾಕಿದೆ. ನೋಯಿಸಬಾರದೆಂದು ಮೆಲ್ಲಗೆ ಎಳೆದೆ.

‘ಜೋರಾಗಿ ಎಳಿ ಮೇಷ್ಟ್ರೇ, ಬರಲ್ಲ ಅದು!’ ಎಂದು ನಾರಾಯಣಮ್ಮ ಕೂಗಿದರು.

ಎಳೆದೆ. ಕೈ ಜಾರಿ ಮೊಣಕಾಲುದ್ದದ ನೀರಿಗೆ ಅಂಗಾತ ಬಿದ್ದೆ. ದಡದಲ್ಲಿದ್ದ ಕುರಿಯವರೆಲ್ಲ ಹೋ ಎಂದು ನಕ್ಕರು. ಆ ಸಿನಿಮಾಕ್ಕೆ ಸಿಕ್ಕ ಮೊದಲ ನಗು ಅದು. ಬಾಯೊಳಗಿನ ನೀರು ಉಗಿದು, ‘ಬಂತಾ ಅಮ್ಮ?’ ಎಂದೆ.

ಆಕೆ ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿದರು. ‘ಅಯ್ಯೋ, ನಗೋದ್ರಾಗೆ ಒತ್ತೋದೇ ಮರ್ತೆ ಕಣಪ್ಪ.’

ದ್ಯಾವಪ್ಪ ಕೈ ಕೊಟ್ಟು ನನ್ನನ್ನು ಮೇಲಕ್ಕೆತ್ತಿದರು. ಕಣ್ಣಲ್ಲಿ ಇನ್ನೂ ನೋವಿನ ನೀರಿತ್ತು. ಗಡ್ಡವನ್ನೊಮ್ಮೆ ನೀವಿ ಸರಿಮಾಡಿಕೊಂಡು, ಗದ್ದವನ್ನು ಮತ್ತೆ ಮುಂದೆ ಚಾಚಿದರು.