ಬ್ಲಾಕ್ ಕೆಲಸಕ್ಕೆ ಎಷ್ಟಾಗುತ್ತೆ

ನಮ್ಮ ಹಿತ್ತಲಲ್ಲಿ ನೀರಿನ ಡ್ರಮ್ಮನ್ನು ಹೊತ್ತುಕೊಂಡು ಒಂದು ಎಂಜಿನ್ ಬ್ಲಾಕ್ ಕೂತಿದೆ. ನಿಮ್ಮ ಮನೆಯಲ್ಲಿ ಡ್ರಮ್ಮಿನ ಕೆಳಗೆ ಇಟ್ಟಿಗೆ ಇರಬಹುದು, ಚಪ್ಪಡಿ ಇರಬಹುದು; ನಮ್ಮದು ಡ್ರೈವರ್ ಮನೆ ನೋಡಿ, ಹೀಗಿದೆ. ಮೊನ್ನೆ ಬೆಳಿಗ್ಗೆ ಹಲ್ಲುಜ್ಜಲು ಹೋದ ನಮ್ಮ ಯಜಮಾನರು ಅದನ್ನು ಎಡವಿ ಉಗುರು ಕಿತ್ತುಕೊಂಡರು. ವರ್ಷಗಟ್ಟಲೆಯಿಂದ ಅಲ್ಲೇ ಇರುವ ವಸ್ತು! "ಕಾಣ್ಲಿಲ್ಲ ಕಣೇ" ಅಂದರು. ಹಾಡುಹಗಲು. ರಕ್ತ ಒರೆಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಸೋಗಾನೆಯ ವಿಮಾನ ನಿಲ್ದಾಣಕ್ಕೆ ಬಾಡಿಗೆ ಕಾರು ಓಡಿಸುವ ಮನುಷ್ಯನ ಬಾಯಲ್ಲಿ ಬರಬಾರದ ಮಾತು ಅದು.

ಕನ್ನಡಕದ ಅಂಗಡಿಯವನು ಟಾರ್ಚ್ ಬಿಟ್ಟು ನೋಡಿ, "ಪೊರೆ ಆದ್ರೆ ಆಪರೇಷನ್ ಮಾಡ್ತಾರೆ. ಹಿಂದೆ ನರ ಹೋಗಿದ್ರೆ ಏನೂ ಮಾಡಕ್ಕಾಗಲ್ಲ. ಡಾಕ್ಟ್ರಿಗೇ ತೋರ್ಸಿ" ಅಂದ.

"ಎಷ್ಟಾಗ್ಬಹುದು?" ಎಂದೆ.

"ನೋಡ್ದೆ ಹೆಂಗಮ್ಮಾ ಹೇಳೋದು?"

ಇದೇ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ, ಆ ಬ್ಲಾಕಿನ ಕಾಲದಲ್ಲಿ.

ಆಗ ಇವರದು ಸ್ಕೂಲ್ ವ್ಯಾನು. ಕೋಟೆ ಕಡೆಯ ಮಕ್ಕಳನ್ನೆಲ್ಲ ತುಂಬಿಕೊಂಡು ಹೋಗುತ್ತಿತ್ತು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅದು ಆಯಿಲ್ ಕುಡಿದು ಬೀದಿ ತುಂಬ ಹೊಗೆ ಬಿಡತೊಡಗಿತು. ಎಂಜಿನ್ ಇಳಿಸಿದ ಮೆಕ್ಯಾನಿಕ್, ಬ್ಲಾಕನ್ನು ಭದ್ರಾವತಿಯ ಲೇತ್ ಶಾಪಿಗೆ ಒಯ್ಯಿರಿ ಎಂದ. ಸ್ಕೂಲು ಶುರುವಾಗುವುದರೊಳಗೆ ವ್ಯಾನು ರಿಪೇರಿಯಾಗದಿದ್ದರೆ ಮಕ್ಕಳು ಬೇರೆ ವ್ಯಾನು ಹತ್ತುತ್ತಾರೆ. ಹೋದವರು ವಾಪಸ್ ಬರುವುದಿಲ್ಲ. ನನಗೆ ನಿದ್ದೆಯೇ ಹಾರಿಹೋಯಿತು.

ಒಂದು ಮಾತು ಹೇಳಿಬಿಡುತ್ತೇನೆ, ನಗಬೇಡಿ. ಇವರು ಯಾವುದಕ್ಕೂ ಮೊದಲೇ ರೇಟು ಕೇಳಿದವರಲ್ಲ. "ಕೆಲ್ಸ ಮಾಡ್ಲಿ, ಆಮೇಲೆ ನೋಡಣ" ಅನ್ನುವವರು. ನಾನೋ, ಮದುವೆಮನೆಯಲ್ಲಿ ಪಕ್ಕದ ಎಲೆಯವಳ ಸೀರೆಯ ರೇಟು ಕೇಳಿ, ಜಾಸ್ತಿ ಕೊಟ್ಟಿರಿ ಎಂದು ಹೇಳಿ, ಅವಳ ಊಟ ಕೆಡಿಸುವವಳು. ಶಿವಮೊಗ್ಗದಲ್ಲಿ ಸಿಕ್ಕಸಿಕ್ಕ ಡ್ರೈವರುಗಳನ್ನೆಲ್ಲ ಹಿಡಿದು ವಿಚಾರಿಸಿದೆ. ಒಬ್ಬೊಬ್ಬರದು ಒಂದೊಂದು ಲೆಕ್ಕ. ಸವೆದ ಸಿಲಿಂಡರನ್ನು ಕೊರೆದು ಸಮಮಾಡುವ ಬೋರಿಂಗಿಗೆ ಇಷ್ಟು, ತೀರಾ ಸವೆದಿದ್ದರೆ ಒಳಗೆ ಹೊಸ ಲೈನರ್ ಕೂರಿಸಲು ಅದರ ಮೇಲೆ ಇಷ್ಟು, ಕ್ರ್ಯಾಂಕ್ ಗ್ರೈಂಡಿಂಗ್ ಬೇರೆ, ಪಿಸ್ಟನ್ನು ನೀವೇ ತರಬೇಕು. ಕೂಡಿಸಿದಾಗಲೆಲ್ಲ ಮೊತ್ತ ಬೆಳೆಯುತ್ತಿತ್ತು. ಕೊನೆಗೆ ಕೈಬಳೆ ಬಿಚ್ಚಿ ಕರ್ಚೀಫಿನಲ್ಲಿ ಗಂಟು ಕಟ್ಟಿಕೊಂಡೆ. ಲಗೇಜ್ ಆಟೋದಲ್ಲಿ ಇವರು ಮುಂದೆ, ನಾನು ಹಿಂದೆ ಬ್ಲಾಕಿನ ಪಕ್ಕ.

ಲೇತ್ ಶಾಪಿನ ಸೆಲ್ವಂ ದಪ್ಪ ದನಿಯ ಆಸಾಮಿ. ಆಟೋದಿಂದ ಇಳಿಯುವ ಮೊದಲೇ "ಎಷ್ಟಾಗುತ್ತೆ?" ಎಂದು ಕೇಳಿದೆ.

"ಅಯ್ಯೋ, ನೋಡ್ದೆ ಹೆಂಗಮ್ಮಾ ಹೇಳೋದು? ಉಕ್ಕಾರುಂಗಮ್ಮಾ, ಮೊದ್ಲು ಕೂತ್ಕಳಿ."

ಸಿಲಿಂಡರಿನೊಳಗೆ ಗೇಜ್ ಇಳಿಸಿ ಅಳೆದ. ಆಮೇಲೆ ಬ್ಲಾಕಿಗೆ ಸೀಮೆಎಣ್ಣೆ ಸವರಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿದು, ಇವರನ್ನು ಕರೆದುಕೊಂಡು ಟೀಗೆ ಹೋದ. ಇವರೂ ಹೋದರು, ಮಹಾನುಭಾವರು! ನಾನು ಆ ಬಿಳಿ ಪುಡಿಯನ್ನೇ ನೋಡುತ್ತ ಕೂತೆ. ನೋಡನೋಡುತ್ತ ಅದರ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಮೂಡಿತು. ಬಿರುಕಿನೊಳಗೆ ಉಳಿದಿದ್ದ ಎಣ್ಣೆ ಹೊರಗೆ ಬಂದಿತ್ತು.

ಸೆಲ್ವಂ ವಾಪಸ್ ಬಂದವನು ಲೊಚಗುಟ್ಟಿದ. "ಕ್ರ್ಯಾಕ್ ಬಿಟ್ಟಿದೆ. ಅದೂ ಬೇರಿಂಗ್ ಕೂರೋ ಜಾಗದಲ್ಲೇ. ಇನ್ನೇನೂ ಮಾಡಕ್ಕಾಗಲ್ಲ, ಎತ್ಕೊಂಡೋಗಿ."

"ಎಷ್ಟು ಕೊಡ್ಲಿ ಹೇಳಿ, ತಂದಿದೀನಿ" ಎಂದು ಗಂಟು ತೋರಿಸಿದೆ.

"ಏನೂ ಬೇಡಮ್ಮ."

ಎಂಥಾ ರೇಟು ಹೇಳಿದ್ದರೂ ನಾನು ಅಷ್ಟು ಹೆದರುತ್ತಿರಲಿಲ್ಲ. ಚೌಕಾಸಿ ಮಾಡುತ್ತಿದ್ದೆ, ಜಗಳವಾಡುತ್ತಿದ್ದೆ. ಏನೂ ಬೇಡ ಅಂದವನ ಹತ್ತಿರ ಏನು ಮಾತಾಡಲಿ? ಬೇರೆ ಹಳೇ ಎಂಜಿನ್ ಹುಡುಕಿ ಹಾಕಿಸುವಷ್ಟರಲ್ಲಿ ಅರ್ಧಕ್ಕರ್ಧ ಮಕ್ಕಳು ಬೇರೆ ವ್ಯಾನಿಗೆ ಹೋಗಿಯಾಗಿತ್ತು. ಬ್ಲಾಕನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಇವರು ಡ್ರಮ್ಮಿನ ಕೆಳಗಿಟ್ಟರು.

ನಿನ್ನೆ ಕಣ್ಣಾಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಡ್ರಾಪ್ಸ್ ಹಾಕಿಸಿ, ಇವರ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಮತ್ತೆ ನೋಡಿದರು. ನಾನು ಈ ಸಲ ರೇಟು ಕೇಳಲಿಲ್ಲ. ಏನೂ ಬೇಡಮ್ಮ ಅಂದುಬಿಟ್ಟರೆ? ಸೆರಗನ್ನು ಬಾಯಿಗೊತ್ತಿಕೊಂಡು ಕೂತೆ.

ಕಡೆಗೆ ದೀಪ ಆರಿಸಿದರು. "ಪೊರೆ ಬಂದಿದೆ ಅಷ್ಟೇ ಕಣಮ್ಮಾ, ನರ ಚೆನ್ನಾಗಿದೆ. ಆಪರೇಷನ್ ಮಾಡಿ ಲೆನ್ಸ್ ಹಾಕೋಣ" ಎಂದು ಒಂದೊಂದು ಕಣ್ಣಿಗೂ ಎಷ್ಟಾಗುತ್ತದೆಂದು ಹೇಳಿದರು. ಸಣ್ಣ ಮೊತ್ತವೇನಲ್ಲ. ನನಗೆ ಅಳು ಒತ್ತರಿಸಿಕೊಂಡು ಬಂತು.

ಡ್ರಾಪ್ಸಿಗೆ ಕಣ್ಣು ಮಂಜಾಗಿದ್ದ ಇವರು ನನ್ನ ಅಳುವಿನ ದನಿ ಬಂದ ಕಡೆ ಕೈ ಚಾಚಿದರು. "ದುಡ್ಡಿಗೆ ಅಳ್ತೀಯೇನೇ ಮಾರಾಯ್ತಿ? ಸ್ವಲ್ಪ ಕಮ್ಮಿ ಮಾಡ್ಕೊಳಿ ಅಂತ ಕೇಳು."

"ಬೇಡ ರೀ" ಅಂದೆ. "ರೇಟು ಸರಿಯಾಗೇ ಹೇಳಿದಾರೆ."