ಆಯಿ ಹೊಗೆಗೆ ಕಟ್ಟಿದ ಒಂಟಿ ಖಂಡ

ಮೊನ್ನೆ ಬ್ಯಾಡಗಿಯ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಯಾರೋ ಮೆಣಸಿನಕಾಯಿ ತೊಟ್ಟಿನ ರಾಶಿಗೆ ಬೆಂಕಿ ಇಟ್ಟಿದ್ದರು. ಘಾಟು ಮೂಗಿಗೆ ಹತ್ತಿದ್ದೇ ತಡ, ಕೆಮ್ಮುತ್ತ ಕೆಮ್ಮುತ್ತ ನನಗೆ ನಗು ಉಕ್ಕಿ ಬಂತು. ಜೊತೆಗಿದ್ದ ಮಗಳು, ‘ಯಾಕಬೇ, ಹುಚ್ಚ ಹಿಡದೈತೇನು?’ ಎಂದಳು. ಅವಳಿಗೇನು ಗೊತ್ತು... ಇಪ್ಪತ್ತು ವರ್ಷದ ಹಿಂದೆ ಇದೇ ಘಾಟು ಎಬ್ಬಿಸಿ ನಾನು ಇಡೀ ಓಣಿಯನ್ನು ಬೀದಿಗೆ ತಂದಿದ್ದೆ!

ಆಗ ನಾನು ಗಳಗನಾಥದ ಕಡೆಯಿಂದ ಬ್ಯಾಡಗಿಗೆ ಸೊಸೆಯಾಗಿ ಬಂದ ಹೊಸತು. ಮಗ್ಗುಲ ಮನೆಯಲ್ಲಿ ಒಬ್ಬ ಆಯಿ ಇದ್ದಳು. ಅರವತ್ತು ದಾಟಿತ್ತು, ಬಾಯಿ ತೆರೆದರೆ ಅರ್ಧ ಓಣಿಗೆ ಕೇಳಿಸುತ್ತಿತ್ತು. ಇಬ್ಬರೂ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದೆವು. ಒಂದು ದಿನ ಮೂಲೆಯಂಗಡಿಯ ಕಾಯಿನ್ ಬಾಕ್ಸಿಗೆ ಹಾವೇರಿಯಿಂದ ಆಯಿಯ ಅಣ್ಣನ ಮಗ ಫೋನ್ ಮಾಡಿದ. ಜ್ವರ ಬಿಟ್ಟರೂ ಅಪ್ಪ ಊಟ ಮುಟ್ಟುತ್ತಿಲ್ಲ, ಹದಿನೈದು ದಿನದಿಂದ ಬರೀ ಗಂಜಿ, ಹೀಗೇ ಆದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ‘ಅವ್ವ ಹೊಗಿಗೆ ಕಟ್ಟತಿದ್ದ ಖಂಡ ಇದ್ರ ತಿಂತೇನಿ’ ಎಂದು ಒಂದೇ ಸಮನೆ ಹಟ ಹಿಡಿದಿದ್ದಾನಂತೆ.

ಆಯಿ ಫೋನಿಟ್ಟವಳೇ ಸೆರಗು ಬಿಗಿದಳು. ‘ನಾಳೆ ನಸಿಕಿನ್ಯಾಗ ರಾಣೆಬೆನ್ನೂರಿಗೆ ಹೋಗೂಣ ನಡಿಯವಾ. ಒಂಟಿ ಖಂಡ ತರೂಣು.’

ದನದ ಮಾಂಸ ನಮಗೇನು ಹೊಸದಲ್ಲ. ತೊಡೆ, ಪಕ್ಕೆಲುಬು, ಬೋಟಿ ಎಲ್ಲ ಗೊತ್ತು. ಆದರೆ ಒಂಟಿ ಖಂಡ ಎಂಬುದನ್ನು ನಾನು ಕೇಳಿಯೇ ಇರಲಿಲ್ಲ. ಎದೆಗೂ ಹೊಟ್ಟೆಗೂ ನಡುವೆ, ಕಲೇಜಿಯ ಹತ್ತಿರ ಜೋತುಬಿದ್ದಿರುವ ತುಂಡು ಅದು. ಒಂದು ದನಕ್ಕೆ ಒಂದೇ. ಅದಕ್ಕೇ ಆಯಿಯ ತವರಿನಲ್ಲಿ ಅದಕ್ಕೆ ಆ ಹೆಸರು.

ರಾಣೆಬೆನ್ನೂರಿನ ಮಾಂಸದಂಗಡಿಯವನು ಕೇಳಿ ನಕ್ಕುಬಿಟ್ಟ. ‘ಅದನ್ನ ಮಾರೂದಿಲ್ಲರಿ ಆಯಿ. ಅದು ನಮ್ಮ ಮನಿಗೇ ಹೋಗೂದು. ನಿಮಗ್ಯಾರ ಹೇಳಿದ್ರು ಅದರ ಸುದ್ದಿ?’

‘ನಮ್ಮವ್ವ ಹೇಳ್ಯಾಳ. ನೀ ಹುಟ್ಟೂಕಿಂತ ಮೊದಲ!’

ಎರಡು ದಿನ ಬರಿಗೈಯಲ್ಲಿ ವಾಪಸಾದೆವು. ಮೂರನೆಯ ದಿನ ಆಯಿ ಅಂಗಡಿಯ ಮುಂದೆ ಕುಳಿತೇಬಿಟ್ಟಳು. ‘ನಮ್ಮಣ್ಣ ಅನ್ನಾ ಬಿಟ್ಟಾನಪಾ. ಕೊಟ್ರ ಏಳ್ತೇನಿ, ಇಲ್ಲಾಂದ್ರ ಇಲ್ಲೇ.’ ಅವನ ನಗು ನಿಂತಿತು. ‘ಮೊದಲ ಹೇಳಬಾರದೇನ್ರಿ ಇದನ್ನ?’ ಎಂದು ಒಳಗೆ ಹೋಗಿ, ಎಲೆಯಲ್ಲಿ ಸುತ್ತಿ ತಂದುಕೊಟ್ಟ. ಬಸ್‌ಸ್ಟ್ಯಾಂಡಿನ ತನಕ ನಾನು ಓಡಿದೆ. ಯಾಕೆ ಓಡಿದೆನೋ, ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು!

ಮನೆಗೆ ಬಂದು ಆಯಿ ನಡುವಿನ ಗಟ್ಟಿ ನರವನ್ನು ಕತ್ತಿ ತುದಿಯಿಂದ ಬಿಡಿಸಿ ತೆಗೆದಳು. ಖಂಡ ಎರಡು ಪಟ್ಟಿಯಾಯಿತು. ಉಪ್ಪು, ಅರಿಷಿಣ, ಜಜ್ಜಿದ ಬೆಳ್ಳುಳ್ಳಿ, ನೆನೆಸಿ ಅರೆದ ಬ್ಯಾಡಗಿ ಮೆಣಸಿನಕಾಯಿ... ಮಗುವಿಗೆ ಎಣ್ಣೆ ತಿಕ್ಕುವ ಹಾಗೆ ತಿಕ್ಕಿದಳು. ಮರುದಿನ ಹಿತ್ತಲ ಒಲೆಯ ಮೇಲೆ ಹಗ್ಗಕ್ಕೆ ಕಟ್ಟಿ, ಗೋವಿನಜೋಳದ ದಿಂಡು ಒಟ್ಟಿದಳು. ‘ಉರಿ ಬ್ಯಾಡ, ಹೊಗಿ ಬೇಕು. ನೋಡ್ಕೋ’ ಎಂದು ನನ್ನನ್ನು ಕೂಡಿಸಿ ನಳದ ನೀರಿಗೆ ಹೋದಳು.

ಸ್ವಲ್ಪ ಹೊತ್ತಿಗೆ ಹೊಗೆ ಸಣ್ಣಗಾಯಿತು. ಪಕ್ಕದಲ್ಲೇ ಬುಟ್ಟಿ ತುಂಬ ಮೆಣಸಿನಕಾಯಿ ತೊಟ್ಟು. ಹೊಗೆ ತಾನೆ, ಯಾವುದಾದರೇನು ಎಂದು ಬುಟ್ಟಿಯನ್ನೇ ಸುರಿದೆ. ಶಾಣ್ಯಾಕಿ ಅಂದ್ರ ನಾನೇ! ತೊಟ್ಟಿನ ಜೊತೆ ಬೀಜವೂ ಇತ್ತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೂಸು, ಮುದುಕರು ಎಲ್ಲ ಕೆಮ್ಮುತ್ತ ಹೊರಗೆ ಬಂದರು. ‘ಯಾರಿಗೆ ದೃಷ್ಟಿ ತಗ್ಯಾಕತ್ತೀರವಾ, ಇಡೀ ಊರಿಗೇನು?’ ಎಂದು ಒಬ್ಬಳು ಕೂಗಿದಳು. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎನ್ನುತ್ತಾರೆ. ಎದುರುಮನೆಯ ಕಾಕಾ ಕಣ್ಣೊರೆಸುತ್ತ, ‘ನಮ್ಮ ಓಣಿಗೆ ಯಾರ ದೃಷ್ಟಿನೂ ಇಲ್ಲ, ಖರೇ ಆತು ಬಿಡ್ರಿ’ ಎಂದ.

ಆಯಿ ಮಾತ್ರ ನಗಲಿಲ್ಲ. ‘ಮೂರ ದಿನದ ಕೆಲಸ ಮಣ್ಣ ಮಾಡಿದೆಲ್ಲ ಹುಚ್ಚಿ! ಇನ್ನೊಂದ ಎಲ್ಲಿಂದ ತರ್ಲಿ?’ ಎಂದು ಕೊಡ ಕುಕ್ಕಿದಳು. ನಾನು ಅತ್ತುಬಿಟ್ಟೆ. ಬೆಂಕಿ ಬದಲಿಸಿ ಮತ್ತೆ ಎರಡು ದಿನ ದಿಂಡಿನ ಹೊಗೆ ಕೊಟ್ಟೆವು. ‘ಒಂದ ಚೂರ ರುಚಿ ನೋಡ ಆಯಿ’ ಎಂದರೆ, ‘ಅದು ಅಣ್ಣನ ಪಾಲು’ ಎಂದು ಗದರಿದಳು.

ಹಾವೇರಿಯಲ್ಲಿ ಆಯಿಯ ಅಣ್ಣ ಹೊರಸಿನ ಮೇಲೆ ಒಣಗಿದ ಕಡ್ಡಿಯಂತೆ ಮಲಗಿದ್ದ. ಆಯಿ ತೆಳ್ಳಗೆ ಕೊಯ್ದು, ಹಂಚಿನ ಮೇಲೆ ಬಿಸಿ ಮಾಡಿ ಕೊಟ್ಟಳು. ಬಾಯಿಗಿಟ್ಟ. ಕೆಮ್ಮಿದ. ಕಣ್ಣಲ್ಲಿ ನೀರು ಬಂತು. ತೊಟ್ಟಿನ ಘಾಟೇ ಎಂದು ನಾನು ತಲೆ ತಗ್ಗಿಸಿದೆ.

‘ಅವ್ವಂದು ಹಿಂಗ ಇದ್ದಿಲ್ಲ’ ಎಂದ. ಆಯಿಯ ಮುಖ ಬಾಡಿತು. ಅವನು ಇನ್ನಷ್ಟು ಅಗಿದು, ನುಂಗಿ, ‘ಬಾಯಿ ಸತ್ತ ಹೋಗಿತ್ತು, ಈಗ ಚುರ್ ಅಂತು ನೋಡ. ಇನ್ನೊಂದ ಕೊಡ. ರೊಟ್ಟಿನೂ ತಾ’ ಎಂದ. ರೊಟ್ಟಿ! ನಾನು ಪರರ ಮನೆ ಎಂಬುದನ್ನೂ ಮರೆತು ಚಪ್ಪಾಳೆ ತಟ್ಟಿಬಿಟ್ಟೆ.

ಅರ್ಧ ರೊಟ್ಟಿ ತಿಂದ ಮೇಲೆ ಅಣ್ಣ ಕೇಳಿದ, ‘ನೀನೂ ತಿನ್ನ ತಂಗಿ. ಸಣ್ಣಾಕಿದ್ದಾಗಿನ ರುಚಿ ನೆನಪೈತಿಲ್ಲ?’

‘ನಾ ಇದನ್ನ ಎಂದೂ ತಿಂದಿಲ್ಲೋ ಅಣ್ಣಾ. ಒಂದ ಇರತಿತ್ತಲ್ಲ. ಅವ್ವ ನಿನಗ ಕೊಡತಿದ್ಲು. ನಾ ಒಲಿ ಊದತಿದ್ನಿ.’

ಆಯಿಯ ದನಿಯಲ್ಲಿ ಜಗಳವಿರಲಿಲ್ಲ. ಅಣ್ಣನ ಕೈ ತಾಟಿನಲ್ಲೇ ನಿಂತಿತು. ಆಮೇಲೆ ದೊಡ್ಡ ಚೂರೊಂದನ್ನು ಆರಿಸಿ ತಂಗಿಯ ಬಾಯಿಗಿಟ್ಟ. ಆಯಿ ಬಹಳ ಹೊತ್ತು ಅಗಿದಳು. ‘ಅಯ್ಯ, ಇಷ್ಟ ಛಲೋ ಇರತಿತ್ತೇನು ಇದು! ನಾ ಬರೇ ಹೊಗಿ ಕುಡದ್ನೆಲ್ಲೋ!’ ಎಂದು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಣ್ಣ ಚೇತರಿಸಿಕೊಂಡು ಬಹಳ ವರ್ಷ ಬದುಕಿದ. ಇನ್ನೊಮ್ಮೆ ತಂದು, ತೊಟ್ಟಿನ ಘಾಟಿಲ್ಲದೆ ಮಾಡಿ, ಇಡೀ ಖಂಡವನ್ನು ಆಯಿಗೇ ಉಣಿಸಬೇಕೆಂದು ನಾನು ಅಂಗಡಿಯವನಿಗೆ ಹೇಳಿಯೂ ಇಟ್ಟಿದ್ದೆ. ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ ಎನ್ನುತ್ತ ನಾನೇ ತಡ ಮಾಡಿದೆ... ಒಂದು ಮುಂಜಾನೆ ಆಯಿ ಏಳಲೇ ಇಲ್ಲ. ಈಗ ನನ್ನ ಮಕ್ಕಳು ಅದನ್ನು ಪೈಪೋಟಿಯಿಂದ ತಿನ್ನುತ್ತಾರೆ, ಕಲಿಸಿದವಳಿಗೆ ಸಿಕ್ಕಿದ್ದು ಅದೊಂದೇ ಚೂರು.