ಬೆಂಕಿಗೆ ಕೊಡದ ಗುಲಾಬಿ ಕಲ್ಲು

ಮೊನ್ನೆ ಮದುವೆಯ ಫೋಟೊ ನೋಡುತ್ತ ಕುಳಿತಾಗ ನಿಮ್ಮಲ್ಲಿ ಒಬ್ಬಳು ಕೇಳಿದಳು, "ಆಯಿ, ಅಜ್ಜ ಹೋದ ಮ್ಯಾಲ ಮುಗತಿ ತಗೀತಾರಂತಲ್ಲ, ನೀ ಹ್ಯಾಂಗ ಹಾಕ್ಕೊಂಡೀ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಿಮ್ಮವ್ವ ಇಣುಕಿ ನನ್ನ ಕಡೆ ನೋಡಿದಳು. ನಾನು ಫೋಟೊವನ್ನು ಮುಂದಕ್ಕೆ ಸರಿಸಿದೆ. ನಾಲ್ಕು ಜನರ ನಡುವೆ ನನಗೆ ಮಾತು ಬರುವುದಿಲ್ಲ, ನಿಮಗೆ ಗೊತ್ತೇ ಇದೆ. ಆದರೆ ಊರ ಶಾಲೆಯಲ್ಲಿ ಬರೆಯುವುದನ್ನು ಕಲಿಸಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ. ಕ್ಷಮೆ ಕೇಳುವುದಕ್ಕಲ್ಲ. ನನ್ನ ಮೂಗಿನ ಮೇಲಿರುವ ಈ ಕಲ್ಲು ಇಲ್ಲಿಗೆ ಹೇಗೆ ಬಂತು ಎಂದು ಬೇರೆಯವರ ಬಾಯಿಂದ ನೀವು ಕೇಳುವುದು ನನಗೆ ಬೇಡ, ಅದಕ್ಕೆ.

ಕುಡಚಿಯಲ್ಲಿ ನಿಮ್ಮ ಅಜ್ಜನಿಗೆ ಒಬ್ಬರು ಗೆಳೆಯರಿದ್ದರು. ಉಂಗುರ, ಮುಗತಿಗೆ ಹಾಕುವ ಕಲ್ಲುಗಳ ವ್ಯಾಪಾರ ಅವರದು. ಅಥಣಿ ಕಡೆಯ ನಮ್ಮ ತೋಟದ ಮನೂಕ, ಅಂದರೆ ಒಣದ್ರಾಕ್ಷಿ, ಪ್ರತಿ ವರ್ಷ ಅವರ ಮನೆಗೆ ಹೋಗುತ್ತಿತ್ತು. ಒಂದು ಬೇಸಿಗೆ ನಿಮ್ಮ ಅಜ್ಜ ನನ್ನನ್ನೂ ಕರೆದುಕೊಂಡು ಹೋದರು. ನನ್ನ ಮುಗತಿಯ ಮುತ್ತು ಹಳದಿಯಾಗಿತ್ತು. "ಹೊಸಾದ ಮಾಡಸೂಣು, ಕಲ್ಲ ನೀನ ಆರಸು" ಎಂದಿದ್ದರು.

ಅವರ ಗೆಳೆಯರು ಬಿಳಿ ಬಟ್ಟೆ ಹಾಸಿ ಸಣ್ಣ ಸಣ್ಣ ಕಾಗದದ ಪುಡಿಕೆಗಳನ್ನು ಬಿಚ್ಚಿದರು. ಗುಲಾಬಿ ಬಣ್ಣದ ಕಲ್ಲುಗಳು ಕಣ್ಣು ಕುಕ್ಕುತ್ತಿದ್ದವು.

"ಇವೆಲ್ಲಾ ಭಟ್ಟಿ ಕಂಡಾವ ಭಾಬಿ" ಎಂದರು ಅವರು. "ಕಾಸಿದ್ರ ಬಣ್ಣ ಏಳತೈತಿ, ಒಳಗಿನ ಮಸಕ ಹೋಗತೈತಿ. ಮೋಸ ಅಲ್ಲ, ನಾ ಹೇಳೇ ಮಾರತೀನಿ."

ಕಡೆಯ ಪುಡಿಕೆಯಲ್ಲಿ ಒಂದೇ ಒಂದು ಕಲ್ಲಿತ್ತು. ಆಗಷ್ಟೇ ಹುಟ್ಟಿದ ಕೂಸಿನ ಉಗುರಿನ ಬಣ್ಣ. "ಇದಕ್ಕ ಸಾಣಿ ಹಿಡದದ್ದ ಬಿಟ್ಟರ ಯಾರೂ ಏನೂ ಮಾಡಿಲ್ಲ. ನೀಲಮಣಿ ಜಾತೀದ, ಬಣ್ಣ ಅಷ್ಟ ಗುಲಾಬಿ. ಮಣ್ಣಾಗಿಂದ ಹ್ಯಾಂಗ ಬಂತೋ ಹಂಗ ಐತಿ."

"ತೊಳದ ತೊಳದ ಬಣ್ಣ ಹೋದ ಕುಪ್ಪಸಧಂಗ ಐತಲ್ಲೋ ಮಾರಾಯಾ!" ಎಂದು ನಿಮ್ಮ ಅಜ್ಜ ನಕ್ಕರು.

ನಾನು ಅದನ್ನೇ ಬೆರಳಲ್ಲಿ ಒತ್ತಿ ಹಿಡಿದೆ. ಕಿಟಕಿಯ ಬಿಸಿಲಿಗೆ ಹಿಡಿದಾಗ ಒಳಗೆ ರೇಷ್ಮೆಯ ಎಳೆಯಂಥ ಒಂದು ಗೆರೆ ಕಂಡಿತು. ಕಲ್ಲನ್ನು ತಿರುಗಿಸಿದರೆ ಗೆರೆ ಮಾಯ, ಮತ್ತೆ ತಿರುಗಿಸಿದರೆ ಹಾಜರ್. ಉಳಿದ ಕಲ್ಲುಗಳು ಇದ್ದದ್ದನ್ನೆಲ್ಲ ಒಮ್ಮೆಲೇ ತೋರಿಸಿಬಿಡುತ್ತಿದ್ದವು. ಇದು ಹಾಗಲ್ಲ, ನೋಡುವವರು ಸ್ವಲ್ಪ ಕಾಯಬೇಕು.

ಅದೇ ಯಾಕೆ ಬೇಕೆನಿಸಿತು ಎಂದರೆ ನೀವು ನಮ್ಮ ಮನೂಕದ ಶೆಡ್ಡಿಗೆ ಹೋಗಿ ನೋಡಬೇಕು. ಮಾರುವ ದ್ರಾಕ್ಷಿಯನ್ನು ಔಷಧದ ನೀರಿನಲ್ಲಿ ಅದ್ದುತ್ತೇವೆ, ಒಣಗಿದ ಮೇಲೆ ಗಂಧಕದ ಹೊಗೆ ಕೊಡುತ್ತೇವೆ. ಆಗ ಅದಕ್ಕೆ ಹಸಿರು ಹಳದಿಯ ಹೊಳಪು ಬರುತ್ತದೆ. ಪೇಟೆಯವರು ಕೇಳುವುದು ಅದನ್ನೇ. ಮನೆಗೆಂದು ನಾನು ಮೊದಲಿನಿಂದಲೂ ಒಂದಿಷ್ಟು ದ್ರಾಕ್ಷಿಯನ್ನು ಹಾಗೆಯೇ ಒಣಗಿಸುತ್ತೇನೆ. ಅದು ಕಪ್ಪಗೆ, ಸುಕ್ಕುಸುಕ್ಕಾಗಿ ಇರುತ್ತದೆ. ನೀವು ಚಿಕ್ಕವರಿದ್ದಾಗ ಡಬ್ಬಿಯಿಂದ ಕದ್ದು ತಿನ್ನುತ್ತಿದ್ದದ್ದು ಯಾವುದನ್ನು, ನೆನಪು ಮಾಡಿಕೊಳ್ಳಿ.

ನಿಮ್ಮ ಅಜ್ಜ ಅದೇ ಕಲ್ಲನ್ನು ಕೊಂಡು ಕಿಸೆಯಲ್ಲಿಟ್ಟುಕೊಂಡು ಬಂದರು. ದೀಪಾವಳಿಗೆ ಮುಗತಿ ಮಾಡಿಸುವುದೆಂದು ಮಾತಾಗಿತ್ತು. ಅದಕ್ಕಿಂತ ಮೊದಲೇ, ದ್ರಾಕ್ಷಿ ಬಳ್ಳಿ ಸವರುವ ಕೆಲಸ ನಡೆದಿದ್ದಾಗ, ನಿಮ್ಮ ಅಜ್ಜ ತೋಟದಲ್ಲೇ ಎದೆ ಹಿಡಿದುಕೊಂಡು ಕುಳಿತರು. ಮತ್ತೆ ಏಳಲಿಲ್ಲ. ಆ ದಿನ ನನ್ನ ಮೂಗಿನಿಂದ ಮುತ್ತಿನ ಮುಗತಿಯನ್ನು ಬಿಚ್ಚಿದವರು ಅವರ ಅಕ್ಕ, ನೀವು ರಾಯಬಾಗದ ಆಯಿ ಎನ್ನುತ್ತೀರಲ್ಲ, ಅವರು. ಗುಲಾಬಿ ಕಲ್ಲು ಪುಡಿಕೆಯಲ್ಲೇ ಟ್ರಂಕಿನೊಳಗೆ ಉಳಿಯಿತು.

ವರ್ಷದ ಕಾರ್ಯಕ್ಕೆ ಬಂದ ರಾಯಬಾಗದ ಆಯಿ ಆ ಕಲ್ಲಿನ ಮಾತೆತ್ತಿದರು.

"ನೀಲದ ಜಾತಿ ಕಲ್ಲ ತಂದ್ರ ಮೊದಲ ತಲಿದಿಂಬಿನ ಕೆಳಗ ಇಟ್ಟ ಮಲಗಬೇಕು. ಕೆಟ್ಟ ಕನಸ ಬಿದ್ರ ತಿರಗಿ ಕೊಟ್ಟ ಬರಬೇಕು. ನನ್ನ ತಮ್ಮ ಪರೀಕ್ಷಾ ಮಾಡದ ಕಿಸೇದಾಗ ಹಾಕ್ಕೊಂಡ ಬಂದ. ಏನಾತು ನೋಡಿದ್ಯಲ್ಲ? ಒಯ್ದು ಕೃಷ್ಣಾದಾಗ ಒಗದ ಬಾ."

ಆ ಮಾತು ನನ್ನನ್ನು ಎಷ್ಟು ಸುಟ್ಟಿತು ಎಂದು ಹೇಳಲಾರೆ. ಆ ಕಲ್ಲನ್ನು ಆರಿಸಿದವಳು ನಾನು. ಗಂಡನ ಸಾವನ್ನು ತಂದು ನನ್ನ ಬೆರಳ ತುದಿಗೆ ಇಟ್ಟಂತಾಯಿತು.

"ಹಂಗಾದ್ರ ಪರೀಕ್ಷಾ ನಾ ಮಾಡತೀನ್ರಿ ಅಕ್ಕಾ" ಎಂದೆ.

ಅವರು ಊರಿಗೆ ಹೋಗುವುದನ್ನೇ ಬಿಟ್ಟು ನಿಂತರು. ದಿನಾ ಬೆಳಗ್ಗೆ ಚಹದ ಬಟ್ಟಲು ಹಿಡಿದು ಬಂದು ಕೇಳುತ್ತಿದ್ದರು, "ಕನಸ ಏನರ ಬಿತ್ತೇನ?" ನನಗೆ ಗಾಢ ನಿದ್ದೆ. ಕಡೆಗೊಂದು ದಿನ ಹೇಳಿದೆ, "ಬಿತ್ರಿ. ನಿಮ್ಮ ತಮ್ಮ ಬಂದು, ಇನ್ನೊಂದ ರೊಟ್ಟಿ ಹಾಕು ಅಂದ್ರು."

"ಅಯ್ಯ ನನ್ನ ಶಿವನ! ಹಸದಾನ! ಕೆಟ್ಟ ಕನಸ ಇದು!"

"ಹಸದಿದ್ರ ಅಡಗಿ ಮಾಡತೀನ್ರಿ. ಕಲ್ಲ ಯಾಕ ಒಗೀಲಿ?"

ಅವರು ಬಟ್ಟಲನ್ನು ಕಟ್ಟೆಯ ಮೇಲೆ ಕುಕ್ಕಿ ಅದೇ ದಿನ ರಾಯಬಾಗದ ಬಸ್ಸು ಹತ್ತಿದರು.

ಆ ಮೇಲೆ ನಾನು ನಿಮ್ಮಪ್ಪನಿಗೆ, "ಚಿಕ್ಕೋಡಿಗೆ ಹೋಗೂಣು, ಕಲ್ಲಿಂದ ಏನರ ಮಾಡಸೂಣು" ಎಂದೆ. ನಿಮ್ಮವ್ವನಿಗೆ ಉಂಗುರ ಮಾಡಿಸುತ್ತೇನೆ ಎಂದು ಅವನು ತಿಳಿದುಕೊಂಡ. ನಾನು ತಿದ್ದಲಿಲ್ಲ. ಬಸ್ಸಿನುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ.

ಅಲ್ಲಿಯ ಅಕ್ಕಸಾಲಿಗ ಪತ್ತಾರರು ಕಲ್ಲನ್ನು ಚಿಮಟಿಗೆಯಲ್ಲಿ ಎತ್ತಿ ನೋಡಿದರು. ನನ್ನನ್ನಲ್ಲ, ನಿಮ್ಮಪ್ಪನನ್ನು ನೋಡಿ ಹೇಳಿದರು, "ಕಲ್ಲ ಖರೇ ಐತ್ರಿ, ಬಣ್ಣ ಭಾಳ ಕಮ್ಮಿ. ಕಾಸಾಕ ಕಳಸೂಣು, ಗುಲಾಬಿ ಹೂವಾಗಿ ಬರತೈತಿ. ಇಲ್ಲಂದ್ರ ಹಿಂದ ಬೇಗಡಿ ಕೊಟ್ಟ ಮುಚ್ಚತೀನಿ." ಬೇಗಡಿ ಎಂದರೆ ಕಲ್ಲಿನ ಬೆನ್ನಿಗೆ ಇಡುವ ಹೊಳೆಯುವ ತೆಳು ತಗಡು. ಅದನ್ನಿಟ್ಟರೆ ಸಪ್ಪೆ ಕಲ್ಲೂ ಮಿರಮಿರ ಎನ್ನುತ್ತದೆ.

"ಕಾಸಾಕ ಕಳಸ್ರಿ ಹಂಗಾರ" ಎಂದ ನಿಮ್ಮಪ್ಪ.

"ಬ್ಯಾಡ್ರಿ" ಎಂದೆ ನಾನು.

ಇಬ್ಬರೂ ತಿರುಗಿ ನೋಡಿದರು. "ಕಾಸೂದು ಬ್ಯಾಡ, ಬೇಗಡೀನೂ ಬ್ಯಾಡ. ಹಿಂದ ಬಯಲ ಬಿಟ್ಟ ಮುಗತಿ ಮಾಡ್ರಿ. ಬೆಳಕ ಆಕಡಿಂದ ಈಕಡೆ ಬರಬೇಕು."

"ಬಣ್ಣ ಎದ್ದ ಕಾಣೂದಿಲ್ರಿ ಅಕ್ಕಾರ."

"ನಾವು ಮನೂಕಕ್ಕ ಗಂಧಕ ಕೊಡೂದು ಮಾರೂ ಸಲವಾಗಿ ರೀ. ಮನ್ಯಾಗ ತಿನ್ನೂದಕ್ಕ ಕೊಡೂದಿಲ್ಲ. ಇದನ್ನ ನಾ ಮಾರಾವಳಲ್ಲ."

ಪತ್ತಾರರು ಕಲ್ಲನ್ನು ಪುಡಿಕೆಗೆ ಹಾಕಿದರು. "ಆಗಲ್ರಿ. ಮುಗತಿ ಸೊಸೀಗೇನ್ರಿ?"

"ನನಗ."

ನಿಮ್ಮಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ, "ಅವ್ವಾ, ಮಂದಿ ಏನಂದಾರು?" ಎಂದ.

"ಮಂದಿ ಅನ್ನೂದು ಅಂದ ಮುಗಿಸ್ಯಾರ. ನಾ ಕಲ್ಲ ಹಾಕ್ಕೊಳ್ಳೂಕಿಂತ ಮೊದಲ ಅಂದಾರ. ಇನ್ನ ಹಾಕ್ಕೊಂಡರ ಹೊಸಾದೇನ ಅಂತಾರ?"

ನಾನು ಗಂಡನಿಲ್ಲದವಳೆಂದು ಪತ್ತಾರರಿಗೆ ಆಗ ಹೊಳೆಯಿತು. ನನಗೆ ಮುಜುಗರವಾಗಬಾರದೆಂದೋ ಏನೋ ಮೆಲ್ಲಗೆ ಹೇಳಿದರು, "ವರ್ಷಗಟ್ಟಲೆ ಹಾಕಿಲ್ಲಂದ್ರ ಮೂಗಿನ ತೂತ ಮುಚ್ಚಿರತೈತ್ರಿ. ಮತ್ತ ಚುಚ್ಚಸಬೇಕಾಗತೈತಿ. ಈ ವಯಸ್ಸಿನಾಗ ನೋವು ಭಾಳ."

"ಮುಚ್ಚಿಲ್ರಿ" ಎಂದು ನಾನು ಸೆರಗು ಸರಿಸಿ ಮೂಗಿನಿಂದ ಕಸಬರಿಗೆಯ ಕಡ್ಡಿಯ ಚೂರನ್ನು ತೆಗೆದು ಗಾಜಿನ ಮೇಲಿಟ್ಟೆ.

ಹುಡುಗಿಯರಿಗೆ ಮೂಗು ಚುಚ್ಚಿದಾಗ ತೂತು ಉಳಿಯಲೆಂದು ಇಂಥದೇ ಕಡ್ಡಿ ಹಾಕುತ್ತಾರೆ. ಮುಗತಿ ತೆಗೆದ ದಿನದಿಂದಲೂ ನಾನು ಹಾಕಿಕೊಂಡೇ ಇದ್ದೆ. ಮುರಿದರೆ ಬೇರೆ ಚೂರು ಹಾಕುತ್ತಿದ್ದೆ. ಅಡಗಿಸಿಯೇನೂ ಇರಲಿಲ್ಲ. ಅದನ್ನು ಹಾಕಿಕೊಂಡೇ ಮನೆಯಲ್ಲಿ ಎಲ್ಲರಿಗೂ ಊಟ ಬಡಿಸಿದ್ದೇನೆ, ರಾಯಬಾಗದ ಆಯಿಯ ಎದುರು ಕುಳಿತು ಚಹ ಕುಡಿದಿದ್ದೇನೆ. ಯಾರೂ ಕಾಣಲಿಲ್ಲ. ಗಂಡನಿಲ್ಲದವಳ ಮುಖವನ್ನು ಯಾರೂ ಅಷ್ಟು ಹೊತ್ತು ನೋಡುವುದಿಲ್ಲ.

ನಿಮ್ಮಪ್ಪ ಆ ಕಡ್ಡಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಪತ್ತಾರರಿಗೆ ಹೇಳಿದ, "ಅವ್ವ ಹೇಳಿದಂಗ ಮಾಡ್ರಿ."

ಮುಗತಿಯಾದ ಮೇಲೆ ಮೊದಲು ಬಂದದ್ದು ನೀವು ಫೋಟೊದಲ್ಲಿ ನೋಡಿದ ಆ ನಿಪ್ಪಾಣಿಯ ಮದುವೆ. ಅಂಥ ಕಡೆ ನನ್ನಂಥವರು ಗೋಡೆಯ ಬದಿಗೆ, ಹಿಂದೆ ಕೂರುವುದು ರೂಢಿ. ನಾನು ಮುಂದಿನ ಕುರ್ಚಿಗೆ ಹೋಗಿ ಕುಳಿತೆ. ಪಕ್ಕದ ಕುರ್ಚಿ ರಾಯಬಾಗದ ಆಯಿಯದು.

"ಏನ ಬೇ, ಮೊಮ್ಮಕ್ಕಳ ಮದವಿ ಮಾಡೂ ವಯಸ್ಸಿನಾಗ ಶೃಂಗಾರ?"

"ಹೌದ್ರಿ ಅಕ್ಕಾ, ಶೃಂಗಾರನ."

ಹೀಗೆ ಒಪ್ಪಿಕೊಳ್ಳುತ್ತೇನೆಂದು ಅವರು ಎಣಿಸಿರಲಿಲ್ಲ. "ಬಣ್ಣರೆ ಐತೇನ ಅದಕ್ಕ? ಇಲ್ಲಿಂದ ಕಾಣೂದೂ ಇಲ್ಲ" ಎಂದರು.

"ಹತ್ತರ ಬಂದ್ರ ಕಾಣತೈತ್ರಿ."

ಅವರು ಬರಲಿಲ್ಲ. ಫೋಟೊ ಮತ್ತೊಮ್ಮೆ ತೆಗೆದು ನೋಡಿ, ಅವರ ಮುಖ ಆ ಕಡೆ ತಿರುಗಿದೆ. ನನ್ನದು ನೇರ ಕ್ಯಾಮೆರಾಕ್ಕೇ ಇದೆ. ಕಲ್ಲು ಅದರಲ್ಲಿ ಒಂದು ಚುಕ್ಕೆಯಷ್ಟೂ ಕಾಣುವುದಿಲ್ಲ. ಕಾಣದಿದ್ದರೆ ಬಿಡಲಿ. ದಿನಾ ಬೆಳಗ್ಗೆ ಹಿತ್ತಲಲ್ಲಿ ಮುಖ ತೊಳೆದು ಕನ್ನಡಿ ಹಿಡಿದಾಗ ಬಿಸಿಲು ಅದರ ಬೆನ್ನಿನಿಂದ ಹಾದು ಬರುತ್ತದೆ, ಆ ರೇಷ್ಮೆ ಎಳೆ ನನಗೆ ಕಾಣುತ್ತದೆ.

ನನ್ನ ನಂತರ ಇದು ನಿಮ್ಮಲ್ಲಿ ಯಾರಿಗೆ ಎಂದು ನಾನು ಹೇಳುವುದಿಲ್ಲ. ಹೇಳುವುದು ಇಷ್ಟೇ. ಬಣ್ಣ ಸಾಲದು ಎನ್ನಿಸುವವಳು ಇದನ್ನು ಕೇಳಬಾರದು. ತೆಗೆದುಕೊಂಡವಳು ಇದನ್ನು ಬೆಂಕಿಗೆ ಕೊಡಬಾರದು, ಬೆನ್ನಿಗೆ ತಗಡು ಹಾಕಬಾರದು. ಅವಳ ಗಂಡ ಇರಲಿ, ಇಲ್ಲದಿರಲಿ, ಬೇರೆಯವರ ಮಾತಿಗೆ ಇದನ್ನು ಮೂಗಿನಿಂದ ತೆಗೆಯಬಾರದು.